ಮನೆಬೀಜದ ಚೀನಿಕಾಯಿ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹಲವು ವರ್ಷಗಳ ಹಿಂದೆ ತರಗತಿಯಲ್ಲಿ ಈ ಗಾದೆಯ ಮಾತು ಬಂದಾಗ, ಕಳ್ಳನು ಹೆಗಲನ್ನೇ ಏಕೆ ಮುಟ್ಟಿ ನೋಡಿಕೊಂಡನೆಂದು ವಿದ್ಯಾರ್ಥಿಗಳನ್ನು ಕೇಳಿದೆ. “ಕಾಯಿ ಭಾರ ಇತ್ತು ಸಾರ್, ಹೆಗಲು ನೋಯುತ್ತಿತ್ತು” ಎಂದು ಒಬ್ಬ ಹುಡುಗ ಉತ್ತರ ಕೊಟ್ಟ. ತರಗತಿ ನಕ್ಕಿತು. ಆದರೆ ತಪ್ಪು ಹುಡುಗನದಲ್ಲ. ಅವನು ಕಂಡಿದ್ದ ಕುಂಬಳಕಾಯಿ ಪೇಟೆಯ ಅಂಗಡಿಯಲ್ಲಿ ಹೋಳು ಮಾಡಿ ಇಟ್ಟಿದ್ದ, ಹಳದಿ ತಿರುಳಿನ ಸಿಹಿಗುಂಬಳ. ಗಾದೆಯ ಕುಂಬಳ ಬೇರೆ. ಬಲಿತಾಗ ಮೈಯೆಲ್ಲ ಬಿಳಿಯ ಬೂದಿಯನ್ನು ಬಳಿದುಕೊಳ್ಳುವ ಬೂದುಗುಂಬಳ ಅದು. ಹೊತ್ತವನ ಹೆಗಲಿಗೆ ಆ ಬೂದಿ ಹತ್ತುತ್ತದೆ. ಕಳ್ಳನ ಕೈ ಹೆಗಲಿಗೆ ಹೋದದ್ದು ನೋವಿಗಾಗಿ ಅಲ್ಲ, ಗುರುತು ಉಳಿದಿದೆಯೋ ಎಂಬ ಭಯದಿಂದ. ಕಾಯಿಯನ್ನು ಅರಿಯದೆ ಗಾದೆಯನ್ನು ಅರಿಯುವುದಾಗದು ಎಂದು ಅಂದು ನನಗೂ ಮನವರಿಕೆಯಾಯಿತು. ಕನ್ನಡ ಪಾಠ ಹೇಳಿ ನಿವೃತ್ತನಾದವನು ಇಂದು ಕುಂಬಳದ ವಿಷಯ ಎತ್ತಿಕೊಂಡದ್ದಕ್ಕೆ ಇಷ್ಟು ಸಮಾಧಾನ ಸಾಕೆಂದು ಭಾವಿಸುತ್ತೇನೆ.

ಬೂದುಗುಂಬಳ ನಮ್ಮ ಏಷ್ಯ ಖಂಡದ್ದೇ. ಸಂಸ್ಕೃತದವರು ಕೂಷ್ಮಾಂಡ ಎಂದು ಕರೆದದ್ದು ಇದನ್ನು. ಆಯುಧಪೂಜೆಯ ದಿನ ಒಡೆಯುವುದು, ಹೊಸ ಮನೆಯ ಮುಂದೆ ದೃಷ್ಟಿಗೆಂದು ಕಟ್ಟುವುದು, ಕಾಶಿ ಹಲ್ವ ಮಾಡುವುದು, ಸಂಡಿಗೆ ಇಡುವುದು, ಎಲ್ಲವೂ ಇದೇ ಕಾಯಿಯಿಂದ. ಸಿಹಿಗುಂಬಳವಾದರೋ ಸಮುದ್ರ ದಾಟಿ ಬಂದದ್ದು. ಅದರ ತವರು ಅಮೆರಿಕ ಖಂಡ. ಕೊಲಂಬಸನು 1492ರಲ್ಲಿ ಆ ಖಂಡವನ್ನು ಮುಟ್ಟುವ ಮೊದಲು ನಮ್ಮ ದೇಶದಲ್ಲಿ ಅದನ್ನು ಕಂಡವರಿಲ್ಲ. ಆದುದರಿಂದ ಸುಮಾರು 1025ರಲ್ಲಿ ರಚಿತವಾದ ಚಾವುಂಡರಾಯನ ಲೋಕೋಪಕಾರದಂಥ ಹಳೆಯ ಗ್ರಂಥಗಳಲ್ಲಿ ಎಲ್ಲಿಯಾದರೂ ಕುಂಬಳವೆಂಬ ಮಾತು ಬಂದರೆ, ಅದು ಬೂದುಗುಂಬಳವೆಂದೇ ತಿಳಿಯತಕ್ಕದ್ದು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಗೋವೆ ಪೋರ್ಚುಗೀಸರ ವಶವಾದದ್ದು 1510ರಲ್ಲಿ. ಮೆಣಸಿನಕಾಯಿ, ಗೋಡಂಬಿ, ಅನಾನಸುಗಳಂತೆ ಸಿಹಿಗುಂಬಳವೂ ಅವರ ಹಡಗುಗಳ ಹಾದಿಯಲ್ಲಿಯೇ ನಮ್ಮ ಪಶ್ಚಿಮ ಕರಾವಳಿಗೆ ಬಂದಿಳಿದಿತೆಂಬುದು ಸಾಮಾನ್ಯವಾದ ಅಭಿಪ್ರಾಯ.

ಹೊಸ ವಸ್ತು ಬಂದಾಗ ಭಾಷೆ ಹೇಗೆ ನಡೆದುಕೊಳ್ಳುತ್ತದೆಂಬುದಕ್ಕೆ ಈ ಕಾಯಿ ಒಂದು ಒಳ್ಳೆಯ ನಿದರ್ಶನ. ಮೆಣಸು ನಮ್ಮಲ್ಲಿ ಮೊದಲೇ ಇತ್ತು. ಹೊಸ ಖಾರ ಬಂದಾಗ ಅದು ಮೆಣಸಿನಕಾಯಿ ಆಯಿತು. ಹಾಗೆಯೇ ಕುಂಬಳ ಇತ್ತು. ಹೊಸದು ಬಂದಾಗ ಒಂದು ಸಿಹಿಗುಂಬಳವಾಯಿತು, ಮತ್ತೊಂದು ಬೂದುಗುಂಬಳವಾಯಿತು. ಮನೆಗೆ ಎರಡನೆಯ ಮಗು ಬಂದ ಮೇಲೆ ಮೊದಲನೆಯದಕ್ಕೆ ದೊಡ್ಡವನೆಂಬ ಹೆಸರು ಬರುವಂತೆ. ಎರಡರಲ್ಲಿಯೂ ಕಕಾರ ಗಕಾರವಾದದ್ದು ಆದೇಶಸಂಧಿ ಎಂದು ಹೇಳದಿದ್ದರೆ ನನ್ನ ಹಳೆಯ ವಿದ್ಯಾರ್ಥಿಗಳು ನನ್ನನ್ನು ಕ್ಷಮಿಸಲಾರರು. ತಮಿಳರು ಸಿಹಿಗುಂಬಳವನ್ನು ಪರಂಗಿಕ್ಕಾಯಿ, ಎಂದರೆ ಫರಂಗಿಯವರ ಕಾಯಿ ಎನ್ನುತ್ತಾರೆ. ನಾವು ಅದೇ ಪರಂಗಿಯ ಹೆಸರನ್ನು ಬೇರೊಂದು ಹಣ್ಣಿಗೆ ಕೊಟ್ಟೆವು. ನಮ್ಮ ದಕ್ಷಿಣ ಕನ್ನಡದಲ್ಲಿ ಇದು ಚೀನಿಕಾಯಿ. ಹೆಸರು ಚೀನಾದ್ದು, ಊರು ಅಮೆರಿಕದ್ದು, ತಂದವರು ಪೋರ್ಚುಗೀಸರು, ಬೆಳೆದು ಉಣ್ಣುವವರು ನಾವು. ತುಳುವಿನಲ್ಲಿ ಅದಕ್ಕೆ ಕೆಂಬುಡೆ ಎಂಬ ಹೆಸರುಂಟು.

ಸಿಹಿಗುಂಬಳದಲ್ಲಿಯೂ ಒಂದೇ ಜಾತಿಯಿಲ್ಲ. ಸಸ್ಯಶಾಸ್ತ್ರಜ್ಞರು ಮುಖ್ಯವಾಗಿ ಮೂರನ್ನು ಹೇಳುತ್ತಾರೆ: ಮ್ಯಾಕ್ಸಿಮಾ, ಪೆಪೊ, ಮಾಸ್ಕೇಟಾ. ಮೊದಲೆರಡು ತಂಪು ಹವೆಯನ್ನು ಹೆಚ್ಚು ಬಯಸುವಂಥವು. ಮೂರನೆಯದಾದ ಮಾಸ್ಕೇಟಾ ಅಮೆರಿಕದ ಉಷ್ಣವಲಯದ ತಗ್ಗುನಾಡಿನ ಸಂತತಿ. ಸೆಕೆಯೂ ತೇವವೂ ಕೂಡಿದ ಹವೆ, ತಣಿಯದ ರಾತ್ರಿ, ಇವು ಅದಕ್ಕೆ ಹುಟ್ಟಿನಿಂದಲೇ ಪರಿಚಿತ. ಅಮೆರಿಕದ ಫ್ಲಾರಿಡಾದ ಜೌಗುನೆಲದಲ್ಲಿ ಸೆಮಿನೋಲ್ ಎಂಬ ಮೂಲನಿವಾಸಿಗಳು ಇದೇ ಜಾತಿಯ ಒಂದು ಕುಂಬಳವನ್ನು ಮರಗಳ ಮೇಲೆ ಹಬ್ಬಿಸಿ ಬೆಳೆಯುತ್ತಿದ್ದರು. ಅದು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ನಮ್ಮ ಕರಾವಳಿಯ ಹಳೆಯ ಮನೆಗಳ ಚೀನಿಕಾಯಿಯೂ ಈ ಜಾತಿಯದೇ. ಇದನ್ನು ಗುರುತಿಸುವುದು ಕಷ್ಟವಲ್ಲ. ಕಾಯಿಯ ತೊಟ್ಟನ್ನು ನೋಡಬೇಕು. ತೊಟ್ಟು ಗಟ್ಟಿಯಾಗಿ, ಐದು ಏಣುಗಳಿಂದ ಕೂಡಿ, ಕಾಯಿಯನ್ನು ಸೇರುವಲ್ಲಿ ಹರಡಿಕೊಂಡಿದ್ದರೆ ಅದು ಮಾಸ್ಕೇಟಾ. ತೊಟ್ಟು ದುಂಡಗೆ, ಬೆಂಡಿನಂತೆ ಮೆತ್ತಗಿದ್ದರೆ ಮ್ಯಾಕ್ಸಿಮಾ. ಮಾಸ್ಕೇಟಾದ ಎಲೆಯ ಮೇಲೆ ಅನೇಕ ವೇಳೆ ಬೆಳ್ಳಿಯ ಬಣ್ಣದ ಮಚ್ಚೆಗಳಿರುವುದುಂಟು. ಅದು ರೋಗವೆಂದು ಹೆದರಬೇಕಾಗಿಲ್ಲ.

ನಮ್ಮ ಮನೆಯ ಚೀನಿಕಾಯಿ ಚಪ್ಪಟೆಯಾಗಿತ್ತು. ಅದರ ಮೈಮೇಲೆ ಆಳವಾದ ಗೆರೆಗಳು. ತೊಟ್ಟು ಒಂದು ಗುಳಿಯೊಳಗೆ ಕುಳಿತಂತೆ ಇರುತ್ತಿತ್ತು. ಎಳೆಯದಾಗಿದ್ದಾಗ ಕಡುಹಸುರು, ಬಲಿತಾಗ ಮಣ್ಣಿನ ಬಣ್ಣ. ಅಮ್ಮ ಅದರ ಬೀಜವನ್ನು ತನ್ನ ತವರಿನಿಂದ ತಂದಿದ್ದಳಂತೆ. ನಾನು ಓದಿಗೆಂದು ಊರು ಬಿಟ್ಟೆ. ಉದ್ಯೋಗವೆಂದು ಊರೂರು ಅಲೆದೆ. ಬಾಡಿಗೆ ಮನೆಗಳಲ್ಲಿ ಪುಸ್ತಕಕ್ಕೆ ಜಾಗವಿತ್ತು, ಬಳ್ಳಿಗೆ ಇರಲಿಲ್ಲ. 2017ರಲ್ಲಿ ನಿವೃತ್ತನಾಗಿ ಮಂಗಳೂರಿನ ಹೊರವಲಯದಲ್ಲಿ ಹತ್ತು ಸೆಂಟ್ಸ್ ಜಾಗದ ಮನೆಗೆ ಬಂದಾಗ, ಆ ಕಾಯಿಯ ನೆನಪಾಯಿತು. ಪುತ್ತೂರಿನ ಆಚೆಯ ಹಳ್ಳಿಯಲ್ಲಿದ್ದ ಅಕ್ಕನ ಮನೆಗೆ ಹೋಗಿ ಬೀಜ ಕೇಳಿದೆ. ಅಕ್ಕ ಒಂದು ಹಳೆಯ ಭರಣಿಯ ತಳದ ಬೂದಿಯಿಂದ ಹನ್ನೊಂದು ಬೀಜಗಳನ್ನು ಹೆಕ್ಕಿ ಕೊಟ್ಟಳು. “ಇದ್ದದ್ದು ಇಷ್ಟೇ. ಗಂಟುನೋವು ಶುರುವಾದ ಮೇಲೆ ನಾಲ್ಕು ವರ್ಷದಿಂದ ಬಿತ್ತಲಿಲ್ಲ. ಬೀಜಕ್ಕೂ ವಯಸ್ಸಾಗ್ತದೆ ಮಾರಾಯ” ಎಂದಳು. ಅವಳ ಮಾತು ನಿಜವಾಯಿತು. ಹನ್ನೊಂದರಲ್ಲಿ ಮೊಳೆತದ್ದು ಎರಡೇ.

ಇನ್ನು ಬೇಸಾಯದ ಮಾತು. ಚೀನಿಕಾಯಿಗೆ ಸೆಕೆಯ ಭಯವಿಲ್ಲ, ತೇವದ ಗಾಳಿಯ ಭಯವೂ ಅಷ್ಟಾಗಿ ಇಲ್ಲ. ಆದರೆ ಬುಡದಲ್ಲಿ ನಿಂತ ನೀರನ್ನು ಅದು ತಾಳದು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 3500ರಿಂದ 4000 ಮಿಲಿಮೀಟರಿನಷ್ಟು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಆ ದಿನಗಳಲ್ಲಿ ಬಳ್ಳಿ ಸೊಕ್ಕಿ ಬೆಳೆಯುತ್ತದೆ, ಕಾಯಿ ಕಚ್ಚುವುದಿಲ್ಲ. ಹೂವಿನ ಪರಾಗ ಮಳೆಗೆ ತೊಳೆದುಹೋಗುತ್ತದೆ, ಜೇನ್ನೊಣ ಗೂಡು ಬಿಟ್ಟು ಬರುವುದಿಲ್ಲ. ಆದುದರಿಂದ ಬತ್ತದ ಕೊಯ್ಲು ಮುಗಿದ ಮೇಲೆ ಡಿಸೆಂಬರ್, ಜನವರಿಗಳಲ್ಲಿ ಬಿತ್ತಿ, ಮಳೆ ಹಿಡಿಯುವ ಮೊದಲೇ ಏಪ್ರಿಲ್, ಮೇ ಹೊತ್ತಿಗೆ ಕಾಯಿ ಕೊಯ್ಯುವುದು ಇಲ್ಲಿಗೆ ಹೊಂದುವ ಕ್ರಮ. ಮಳೆಗಾಲದಲ್ಲಿ ಬೆಳೆಯಲೇಬೇಕೆಂದಿದ್ದರೆ ಎತ್ತರದ ದಿಬ್ಬ ಮಾಡಿ, ಮೊದಲ ಮಳೆಗೇ ಬೀಜ ಹಾಕಿ, ಬಳ್ಳಿಯನ್ನು ಹಟ್ಟಿಯ ಮಾಡಿಗೋ ಚಪ್ಪರಕ್ಕೋ ಹತ್ತಿಸಬೇಕು.

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಅದಕ್ಕೆ ಹಟ್ಟಿಗೊಬ್ಬರವನ್ನೂ ಸುಡುಮಣ್ಣನ್ನೂ ಮೇಲ್ಮಣ್ಣಿನೊಡನೆ ಬೆರೆಸಿ ತುಂಬಬೇಕು. ಸುಡುಮಣ್ಣೆಂದರೆ ಒಣಗಿದ ಸೊಪ್ಪು ಸದೆಗಳ ಮೇಲೆ ಮಣ್ಣು ಹೊದಿಸಿ, ಒಳಗೊಳಗೇ ನಿಧಾನವಾಗಿ ಬೇಯಿಸಿದ ಮಣ್ಣು. ಕರಾವಳಿಯ ತರಕಾರಿ ಬೇಸಾಯದ ಹಳೆಯ ಗುಟ್ಟು ಅದು. ಗುಂಡಿಯಿಂದ ಗುಂಡಿಗೆ ಎಂಟು ಹತ್ತು ಅಡಿಗಳ ಅಂತರವಿರಲಿ. ಗುಂಡಿಯೊಂದಕ್ಕೆ ನಾಲ್ಕೈದು ಬೀಜ ಊರಿ, ಮೊಳೆತ ಮೇಲೆ ಬಲವಾದ ಎರಡನ್ನು ಉಳಿಸಿಕೊಂಡರೆ ಸಾಕು. ಬಳ್ಳಿ ನೆಲದ ಮೇಲೆ ಹಬ್ಬುವಾಗ ಗಿಣ್ಣುಗಳಲ್ಲಿ ಬೇರು ಬಿಡುತ್ತದೆ. ಅಲ್ಲಲ್ಲಿ ಗಿಣ್ಣಿನ ಮೇಲೆ ಒಂದು ಹಿಡಿ ಮಣ್ಣು ಹಾಕಿದರೆ ಬಳ್ಳಿಗೆ ಹಲವು ಬಾಯಿಗಳಾಗುತ್ತವೆ. ಒಂದು ಕಡೆ ಬುಡಕ್ಕೆ ಕೇಡು ಬಂದರೂ ಮುಂದಿನ ಭಾಗ ಬದುಕಿಕೊಳ್ಳುತ್ತದೆ. ಗೊಬ್ಬರ ಹೆಚ್ಚಾಯಿತೋ, ಎಲೆ ತುಂಬಿ ಹೂವು ಹಿಂದೆ ಬೀಳುತ್ತದೆ.

ಹೊಸಬರು ಎದೆಗುಂದುವುದು ಹೂ ಬಿಡುವ ಕಾಲದಲ್ಲಿ. ಹೂವೇನೋ ಬೇಕಾದಷ್ಟು ಬರುತ್ತದೆ, ಎಲ್ಲವೂ ಉದುರುತ್ತವೆ. ಮೊದಲು ಬರುವುವು ಗಂಡು ಹೂಗಳೆಂಬುದು ಇದಕ್ಕೆ ಕಾರಣ. ಅವಕ್ಕೆ ಉದ್ದವಾದ ತೆಳು ತೊಟ್ಟು. ಒಂದೆರಡು ವಾರ ಕಳೆದ ಮೇಲೆ ಹೆಣ್ಣು ಹೂ ಬರುತ್ತದೆ. ಅದರ ದಳಗಳ ಕೆಳಗೆ ಪುಟ್ಟದೊಂದು ಕಾಯಿ ಆಗಲೇ ಮೂಡಿರುತ್ತದೆ. ಹೂವು ಅರಳುವುದು ನಸುಕಿನಲ್ಲಿ, ಬಾಡುವುದು ಬಿಸಿಲೇರುವ ಹೊತ್ತಿಗೆ. ಜೇನ್ನೊಣ ಬಾರದ ಪೇಟೆಯ ಹಿತ್ತಿಲಲ್ಲಿ ಬೆಳಗ್ಗೆ ಎಂಟು ಗಂಟೆಯ ಒಳಗೆ ನಾವೇ ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ನಡುವಿನ ಪರಾಗದಂಡವನ್ನು ಹೆಣ್ಣು ಹೂವಿನ ನಡುವಿಗೆ ಮೃದುವಾಗಿ ಸವರಿದರೆ ಕಾಯಿ ನಿಲ್ಲುತ್ತದೆ.

ಶತ್ರುಗಳೂ ಇದ್ದಾರೆ. ಎಳೆಯ ಸಸಿಯ ಎಲೆಗಳನ್ನು ಕೆಂಪು ದುಂಬಿ ಜರಡಿಯಾಗಿಸುತ್ತದೆ. ಮುಂಜಾನೆಯ ತಂಪಿನಲ್ಲಿ ಅದು ಮಂಕಾಗಿರುವಾಗ ಕೈಯಿಂದ ಹಿಡಿಯಬಹುದು. ಒಲೆಯ ಬೂದಿಯನ್ನು ಎಲೆಗಳಿಗೆ ಉದುರಿಸುವುದೂ ಹಿಂದಿನಿಂದ ಬಂದ ಪದ್ಧತಿ. ಅದಕ್ಕಿಂತ ಕೆಟ್ಟದ್ದು ಹಣ್ಣುನೊಣ. ಎಳೆಗಾಯಿಯ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಹೊರಗೆ ಒಂದು ಚುಕ್ಕೆ ಮಾತ್ರ ಕಾಣುತ್ತದೆ, ಒಳಗೆ ಹುಳು ತುಂಬಿ ಕಾಯಿ ಕೊಳೆಯುತ್ತದೆ. ಕಾಯಿ ಕಚ್ಚಿದ ಕೂಡಲೆ ಕಾಗದದ ಅಥವಾ ತೆಳುಬಟ್ಟೆಯ ಚೀಲ ಕಟ್ಟಿ, ಸಿಪ್ಪೆ ಗಟ್ಟಿಯಾಗುವವರೆಗೆ ಕಾಪಾಡಬೇಕು. ಉದುರಿದ ಕೊಳೆಗಾಯಿಗಳನ್ನು ಬುಡದಲ್ಲಿ ಬಿಡದೆ ಆಳವಾಗಿ ಹೂಳಬೇಕು. ಇಲ್ಲವಾದರೆ ಆ ಹುಳುಗಳೇ ಮಣ್ಣಿಗಿಳಿದು ಮುಂದಿನ ಪೀಳಿಗೆಯ ನೊಣಗಳಾಗಿ ಮೇಲೇಳುತ್ತವೆ.

ಇಷ್ಟನ್ನೆಲ್ಲ ತಿಳಿದವರಿಂದ ಕೇಳಿ, ಎರಡು ಬಳ್ಳಿಗಳನ್ನು ಮಕ್ಕಳಂತೆ ಸಾಕಿದೆ. 2018ರ ಏಪ್ರಿಲ್‌ನಲ್ಲಿ ಆರು ಕಾಯಿ ಬಂದುವು. ಅದೇ ಚಪ್ಪಟೆ ಮೈ, ಅದೇ ಗೆರೆ, ಅದೇ ಗುಳಿ. ಒಂದನ್ನು ಹೊತ್ತುಕೊಂಡು ಹೋಗಿ ಅಕ್ಕನಿಗೆ ತೋರಿಸಿದೆ. ಅವಳು ಕಾಯಿಯ ಮೈಯನ್ನು ಸವರಿ ಸುಮ್ಮನೆ ಕುಳಿತಳು. ನಾನು ಹೆಮ್ಮೆಯಿಂದ ಬೀಜಗಳನ್ನು ಕಾಗದದ ಪೊಟ್ಟಣಗಳಲ್ಲಿ ಕಟ್ಟಿ, ಮೇಲೆ ಹೆಸರು ಬರೆದು, ನಾಲ್ವರು ಗೆಳೆಯರಿಗೆ ಹಂಚಿದೆ. ಉಳಿದುದನ್ನು ಆ ಡಿಸೆಂಬರಿನಲ್ಲಿ ಬಿತ್ತಿದೆ.

ಮರುವರ್ಷ ಬಂದ ಕಾಯಿಗಳು ನಮ್ಮವಲ್ಲ. ಒಂದು ಉರುಟು, ಒಂದು ನೀಳ, ಮತ್ತೊಂದರ ಮೈಮೇಲೆ ಗೆರೆಯೇ ಇಲ್ಲ. ಗೆಳೆಯರಿಂದಲೂ ಅದೇ ವರದಿ. ಆಗ ನನ್ನ ತಪ್ಪು ಹೊಳೆಯಿತು. ಮೊದಲ ವರ್ಷ ಎರಡೇ ಸಸಿ ಮೊಳೆತುವಲ್ಲಾ, ಜಾಗ ಖಾಲಿ ಉಳಿಯಬಾರದೆಂದು ಅಂಗಡಿಯಿಂದ ತಂದ ಸಂಕರ ತಳಿಯ ಬೀಜವನ್ನು ಪಕ್ಕದ ಗುಂಡಿಗೆ ಹಾಕಿದ್ದೆ. ಜೇನ್ನೊಣಗಳಿಗೆ ಅಮ್ಮನ ಬಳ್ಳಿ ಯಾವುದು, ಅಂಗಡಿಯ ಬಳ್ಳಿ ಯಾವುದು ಎಂಬ ಭೇದವಿಲ್ಲ. ಅದರ ಪರಾಗ ಇದಕ್ಕೆ ಬಿದ್ದಿತ್ತು.

ಇಲ್ಲಿ ಒಂದು ಸೂಕ್ಷ್ಮವುಂಟು. ಬಹುಮಂದಿ ಎಡವುವುದು ಇಲ್ಲಿಯೇ. ಬೇರೆ ತಳಿಯ ಪರಾಗ ಬಿದ್ದರೂ ಆ ವರ್ಷದ ಕಾಯಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಸಿಪ್ಪೆ, ತಿರುಳು ಎಲ್ಲವೂ ತಾಯಿಬಳ್ಳಿಯ ಅಂಗವೇ ಆದುದರಿಂದ ಕಾಯಿ ತಾಯಿಯ ರೂಪವನ್ನೇ ಹೊತ್ತಿರುತ್ತದೆ. ಬೆರಕೆ ಇರುವುದು ಒಳಗಿನ ಬೀಜದಲ್ಲಿ. ಅದು ಮೊಳೆತು, ಬೆಳೆದು, ಕಾಯಿ ಬಿಟ್ಟಾಗಲೇ ಗುಟ್ಟು ಹೊರಬೀಳುವುದು. ಅಷ್ಟರೊಳಗೆ ಒಂದು ವರ್ಷ ಕಳೆದಿರುತ್ತದೆ. ಶುದ್ಧ ಬೀಜ ಕೈಯಲ್ಲಿ ಉಳಿದಿರುವುದಿಲ್ಲ.

ಹಳೆಯ ಕಾವ್ಯಗಳ ಹಸ್ತಪ್ರತಿಗಳೊಡನೆ ಸ್ವಲ್ಪ ಕಾಲ ಕಳೆದವನಾದ ನನಗೆ ಇದು ಪರಿಚಿತವಾದ ಸಂಕಟವೇ ಆಗಿತ್ತು. ತಾಳೆಯೋಲೆ ನಮ್ಮ ಮಳೆನಾಡಿನಲ್ಲಿ ಬಹುಕಾಲ ಬಾಳದು. ಯಾರೋ ಒಬ್ಬರು ಕುಳಿತು ಅದನ್ನು ಮತ್ತೊಂದು ಓಲೆಗೆ ಪ್ರತಿ ಮಾಡಿದರೆ ಮಾತ್ರ ಕೃತಿ ಮುಂದಿನ ತಲೆಮಾರಿಗೆ ಸಲ್ಲುತ್ತದೆ. ಪ್ರತಿ ಮಾಡುವಾಗ ಒಂದು ಅಕ್ಷರ ತಪ್ಪಿದರೆ ಆ ತಪ್ಪೂ ಮುಂದಕ್ಕೆ ಸಾಗುತ್ತದೆ. ಬೀಜವೂ ಹೀಗೆಯೇ. ಒಣಹವೆಯ ನಾಡಿನಲ್ಲಿ ಚೀನಿಕಾಯಿಯ ಬೀಜ ನಾಲ್ಕೈದು ವರ್ಷ ಬದುಕೀತು. ನಮ್ಮ ತೇವದಲ್ಲಿ ಎರಡು ಮೂರು ಮಳೆಗಾಲ ಕಳೆದರೆ ಅದರ ಜೀವ ಕುಗ್ಗುತ್ತದೆ. ಬಿತ್ತದೆ ಇಟ್ಟರೆ ಸಾಯುತ್ತದೆ. ಬಿತ್ತುವಾಗ ಎಚ್ಚರ ತಪ್ಪಿದರೆ ಕೆಡುತ್ತದೆ. ಅಕ್ಕನ ಭರಣಿಯಲ್ಲಿ ಆದದ್ದು ಮೊದಲನೆಯದು, ನನ್ನ ಹಿತ್ತಿಲಲ್ಲಿ ಆದದ್ದು ಎರಡನೆಯದು.

ಶುದ್ಧವಾಗಿ ಉಳಿಸುವ ಉಪಾಯ ಕಷ್ಟದ್ದೇನೂ ಅಲ್ಲ. ಬೀಜಕ್ಕೆಂದು ಬೆಳೆಯುವಾಗ ಒಂದೇ ತಳಿಯನ್ನು ಹಾಕಬೇಕು. ಇನ್ನೊಂದು ತಳಿಯ ಸಿಹಿಗುಂಬಳ ಅರ್ಧ ಕಿಲೋಮೀಟರಿನೊಳಗೆ ಇರಬಾರದು. ಬೂದುಗುಂಬಳ ಪಕ್ಕದಲ್ಲಿಯೇ ಇದ್ದರೂ ಬಾಧಕವಿಲ್ಲ. ಅದರ ಕುಲವೇ ಬೇರೆ, ಬೆರಕೆಯಾಗದು. ಪೇಟೆಯಲ್ಲಿ ನೆರೆಮನೆಯ ಬಳ್ಳಿ ಬೇಲಿಯಾಚೆಯೇ ಇರುತ್ತದಷ್ಟೆ. ಅಲ್ಲಿ ಹಿಂದಿನ ಸಂಜೆಯೇ ಮರುದಿನ ಅರಳಲಿರುವ ಮೊಗ್ಗುಗಳನ್ನು ಗುರುತಿಸಬೇಕು; ಅವುಗಳ ತುದಿ ಹಳದಿಗೆ ತಿರುಗಿರುತ್ತದೆ. ಗಂಡು ಮೊಗ್ಗನ್ನೂ ಹೆಣ್ಣು ಮೊಗ್ಗನ್ನೂ ಬಾಳೆನಾರಿನಿಂದ ಕಟ್ಟಿಬಿಡಬೇಕು. ಬೆಳಗ್ಗೆ ಬಿಚ್ಚಿ, ಕೈಯಿಂದ ಪರಾಗ ಮುಟ್ಟಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿ, ತೊಟ್ಟಿಗೆ ಒಂದು ಬಣ್ಣದ ದಾರದ ಗುರುತು ಹಾಕಬೇಕು. ಬೀಜ ತೆಗೆಯುವುದು ದಾರವಿರುವ ಕಾಯಿಯಿಂದ ಮಾತ್ರ, ಉಳಿದುವೆಲ್ಲ ಅಡುಗೆಗೆ. ಸಾಧ್ಯವಾದರೆ ಬೇರೆ ಬೇರೆ ಬಳ್ಳಿಗಳ ಮೂರು ನಾಲ್ಕು ಕಾಯಿಗಳಿಂದ ಬೀಜ ಕೂಡಿಸುವುದು ಲೇಸು. ಇದನ್ನೆಲ್ಲ ನಾನು ಕಲಿತದ್ದು ಬೀಜ ಕೈಬಿಟ್ಟ ಮೇಲೆ.

2019ರ ಮಳೆಗಾಲದಲ್ಲಿ ಅಕ್ಕ ತೀರಿಕೊಂಡಳು. ಅವಳ ಉತ್ತರಕ್ರಿಯೆಯ ದಿನ ಹಿಂದೆ ಅವಳ ತೋಟದ ಕೆಲಸಕ್ಕೆ ಬರುತ್ತಿದ್ದ, ಈಗ ವಯಸ್ಸಾದ ಒಬ್ಬ ಹೆಂಗಸು ಗುಡ್ಡದ ಮೇಲಿನ ತನ್ನ ಮನೆಯಿಂದ ತಲೆಯ ಮೇಲೆ ಒಂದು ಗೋಣಿಯನ್ನು ಹೊತ್ತು ಬಂದಳು. ಅಂದಿನ ಅಡುಗೆಗೆಂದು ತಂದಿದ್ದ ಕಾಯಿಗಳನ್ನು ಜಗಲಿಯಲ್ಲಿ ಇಳಿಸಿದಳು. ಎರಡು ಚೀನಿಕಾಯಿಗಳು. ಚಪ್ಪಟೆ ಮೈ, ಆಳವಾದ ಗೆರೆ, ಗುಳಿಯೊಳಗೆ ಕುಳಿತ ತೊಟ್ಟು. ಇದೆಲ್ಲಿಯದೆಂದು ಕೇಳಿದೆ. “ಅಕ್ಕೆರು ಕೊಟ್ಟ ಬೀಜ. ನಾನು ಮದುವೆಯಾಗಿ ಬಂದ ವರ್ಷ ಕೊಟ್ಟದ್ದು. ವರ್ಷವೂ ಹಾಕುತ್ತೇನೆ” ಎಂದಳು. ಆ ಗುಡ್ಡದಲ್ಲಿ ಬೇರೆ ಯಾರೂ ಕೆಂಬುಡೆ ಬೆಳೆಯುತ್ತಿರಲಿಲ್ಲ. ಅಂಗಡಿಯ ಬೀಜವನ್ನು ಅವಳು ಎಂದೂ ಕೊಂಡವಳಲ್ಲ. ನಾನು ಪೊಟ್ಟಣಗಳ ಮೇಲೆ ಅಂದವಾಗಿ ಹೆಸರು ಬರೆದು ಕಳೆದುಕೊಂಡದ್ದನ್ನು ಅವಳು ಹೆಸರಿಲ್ಲದೆಯೇ ಉಳಿಸಿಕೊಂಡಿದ್ದಳು.

ಏಪ್ರಿಲ್ ತಿಂಗಳಲ್ಲಿ ಕೊಯ್ದ ಕಾಯಿ ಆಗಸ್ಟಿನಲ್ಲಿಯೂ ಕೆಡದೆ ಇದ್ದದ್ದನ್ನು ಗಮನಿಸಬೇಕು. ಮಳೆಗಾಲದಲ್ಲಿ ತರಕಾರಿ ದುರ್ಲಭವಾಗಿದ್ದ ನಾಡಿಗೆ ಈ ಗುಣವೇ ದೊಡ್ಡ ವರ. ತೊಟ್ಟು ಒಣಗಿ, ಉಗುರಿನಿಂದ ಸಿಪ್ಪೆಯನ್ನು ಚುಚ್ಚಲಾಗದಷ್ಟು ಬಲಿತ ಮೇಲೆಯೇ ಕೊಯ್ಯಬೇಕು. ಮೂರು ಬೆರಳಷ್ಟು ತೊಟ್ಟು ಕಾಯಿಗೆ ಇರಲಿ. ತೊಟ್ಟು ಮುರಿದರೆ ಅಲ್ಲಿಂದಲೇ ಕೊಳೆ ಆರಂಭ. ಒಂದು ವಾರ ಹತ್ತು ದಿನ ಗಾಳಿಯಾಡುವ ನೆರಳಿನಲ್ಲಿಟ್ಟು, ಅನಂತರ ಒಂದಕ್ಕೊಂದು ತಾಗದಂತೆ ಅಟ್ಟದ ಮೇಲೆ ಇಡಬೇಕು. ಹಿಂದಿನವರು ಅಡುಗೆಮನೆಯ ಅಟ್ಟದಲ್ಲಿ ಇಡುತ್ತಿದ್ದರು. ಒಲೆಯ ಹೊಗೆ ಮತ್ತು ಬಿಸಿ ಅಲ್ಲಿಯ ತೇವವನ್ನು ತೆಗೆಯುತ್ತಿತ್ತು. ಇಟ್ಟಷ್ಟು ಕಾಲ ಒಳಗಿನ ಪಿಷ್ಟ ಸಕ್ಕರೆಯಾಗಿ ಮಾರ್ಪಡುವುದರಿಂದ ತಿಂಗಳು ಕಳೆದ ಕಾಯಿಗೆ ಸಿಹಿ ಹೆಚ್ಚು. ಬೀಜವೂ ಕೊಯ್ದ ಮೂರು ನಾಲ್ಕು ವಾರಗಳ ತನಕ ಕಾಯಿಯೊಳಗೆಯೇ ಬಲಿಯುತ್ತಿರುತ್ತದೆ. ಆಮೇಲೆ ತೆಗೆದು, ತೊಳೆದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಬೂದಿಯಲ್ಲಿ ಬೆರೆಸಿ, ಬಿಗಿಯಾದ ಮುಚ್ಚಳದ ಭರಣಿಯಲ್ಲಿ ಇಡಬೇಕು.

ಅಡುಗೆಯ ವಿಷಯ ಹೇಳದೆ ಮುಗಿಸಿದರೆ ಕೇಳುಗರಿಗೆ ಉಪವಾಸ ಕೆಡವಿದ ಪಾಪ ನನಗೆ ಬಂದೀತು. ಚೀನಿಕಾಯಿಯಲ್ಲಿ ಬಿಸಾಡುವಂಥದ್ದು ಕಡಿಮೆ. ಎಳೆಯ ಕುಡಿಗಳ ನಾರು ತೆಗೆದು ಪಲ್ಯ ಮಾಡುತ್ತಾರೆ. ಕೆಲಸ ಮುಗಿಸಿದ ಗಂಡು ಹೂಗಳನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿಯುತ್ತಾರೆ. ಬೀಜಗಳ ಸುತ್ತಲಿನ ಮೆತ್ತನೆಯ ತಿರುಳನ್ನು ಬಾಡಿಸಿ ಚಟ್ನಿ ಅರೆಯುತ್ತಾರೆ. ಬಲಿತ ಕಾಯಿಯನ್ನು ಸಿಪ್ಪೆಯೊಡನೆ ಹೋಳು ಮಾಡುವುದು ನಮ್ಮ ಕಡೆಯ ಕ್ರಮ. ಸಿಪ್ಪೆ ಇದ್ದರೆ ಹೋಳು ಕರಗಿ ಹೋಗುವುದಿಲ್ಲ.

ಕೊದ್ದೆಲಿಗೆ ಕೊತ್ತಂಬರಿ, ಉದ್ದಿನ ಬೇಳೆ, ಸ್ವಲ್ಪ ಮೆಂತೆ, ಒಣಮೆಣಸುಗಳನ್ನು ಹುರಿದು ತೆಂಗಿನ ತುರಿಯೊಡನೆ ಅರೆದು, ಬೆಂದ ಹೋಳುಗಳಿಗೆ ಕೂಡಿಸಿ ಕುದಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಡುತ್ತಾರೆ. ಇಲ್ಲಿ ಅಮ್ಮನ ಒಂದು ನಿಯಮವಿತ್ತು: ಹೋಳು ಬೇಯುವ ಮೊದಲು ಹುಳಿ ಹಾಕಬಾರದು. ಹುಳಿ ಬಿದ್ದರೆ ತರಕಾರಿಯನ್ನು ಬಿಗಿದಿಟ್ಟ ಅಂಟಿನಂಥ ಅಂಶ ಬೇಗ ಸಡಿಲವಾಗದೆ ಹೋಳು ಗಟ್ಟಿಯಾಗಿಯೇ ಉಳಿಯುತ್ತದೆಂದು ಇಂದಿನ ವಿಜ್ಞಾನವೂ ಹೇಳುತ್ತದೆ. ಸಾಸಿವೆಗೆ ಇನ್ನೂ ಕಡಿಮೆ ಶ್ರಮ. ಹೋಳನ್ನು ಉಪ್ಪು, ಒಂದಿಷ್ಟು ಬೆಲ್ಲದೊಡನೆ ಬೇಯಿಸಿ ಆರಿಸಬೇಕು. ತೆಂಗಿನ ತುರಿ, ಹಸಿಮೆಣಸು, ಅರ್ಧ ಚಮಚ ಹಸಿ ಸಾಸಿವೆ ಇವನ್ನು ನುಣ್ಣಗೆ ಅರೆದು, ಮೊಸರಿನೊಡನೆ ಅದಕ್ಕೆ ಬೆರೆಸಬೇಕು. ಇದನ್ನು ಕುದಿಸಬಾರದು, ಕುದಿಸಿದರೆ ಅರೆದ ಸಾಸಿವೆಯ ಆ ತೀಕ್ಷ್ಣವಾದ ಘಾಟು ಹೊರಟುಹೋಗುತ್ತದೆ. ಸಿಹಿಗಾದರೆ ಕಾಯಿಯನ್ನು ತುರಿದು, ನೆನೆದ ಅಕ್ಕಿಯ ತರಿಯಾದ ಹಿಟ್ಟು, ಬೆಲ್ಲ, ತೆಂಗಿನ ತುರಿಗಳೊಡನೆ ಕಲಸಿ, ಬಾಳೆಲೆಯಲ್ಲಿ ಮಡಿಸಿ ಹಬೆಯಲ್ಲಿ ಬೇಯಿಸುವ ಕಡುಬು. ಹಿಟ್ಟಿಗೆ ನೀರು ಸೋಕಿಸಬೇಡಿ, ಕಾಯಿಯೇ ನೀರು ಬಿಡುತ್ತದೆ. ಉತ್ತರ ಕರ್ನಾಟಕದವರು ಬೆಲ್ಲ ಮತ್ತು ಗೋಧಿ ಹಿಟ್ಟು ಸೇರಿಸಿ ಮಾಡುವ ಗಾರಿಗೆಯನ್ನು ಧಾರವಾಡದಲ್ಲಿ ತಿಂದ ನೆನಪು ಇನ್ನೂ ನಾಲಗೆಯ ಮೇಲಿದೆ. ಈ ಕಾಯಿಯ ಹಳದಿ ಬಣ್ಣ ನಮ್ಮ ದೇಹದಲ್ಲಿ ‘ಎ’ ಜೀವಸತ್ವವಾಗುವ ಅಂಶದ್ದು. ಅದು ಜಿಡ್ಡಿನೊಡನೆ ಸೇರಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ತೆಂಗಿನೆಣ್ಣೆಯ ಒಗ್ಗರಣೆ ಕೇವಲ ಪರಿಮಳಕ್ಕಾಗಿ ಬಂದದ್ದಲ್ಲ. ಒಂದು ಎಚ್ಚರಿಕೆಯ ಮಾತು: ಹೋಳು ಕಹಿಯಾಗಿದ್ದರೆ ಬೆಲ್ಲ ಹಾಕಿ ಸರಿಪಡಿಸಲು ಹೋಗದೆ ಕಾಯಿಯನ್ನು ಎಸೆದುಬಿಡಬೇಕು. ಆ ಕಹಿ ವಿಷದ ಲಕ್ಷಣ.

ಹೊಸ ತಳಿಗಳು ಬೇಡವೆಂಬ ವಾದ ನನ್ನದಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್, ಕೇರಳ ಕೃಷಿ ವಿಶ್ವವಿದ್ಯಾಲಯದ ಅಂಬಿಲಿ, ಇವು ಒಳ್ಳೆಯ ತಳಿಗಳೇ. ಸಂಕರವಲ್ಲವಾದುದರಿಂದ ಇವುಗಳ ಬೀಜವನ್ನು ನಾವೇ ಉಳಿಸಿಕೊಳ್ಳಬಹುದು. ಆದರೆ ಇಂಥ ತಳಿಗಳನ್ನು ರೂಪಿಸುವವರೂ ಆರಂಭಿಸುವುದು ಹಳೆಯ ಮನೆಗಳ ಬೀಜಗಳಿಂದಲೇ ಎಂಬುದನ್ನು ಮರೆಯಬಾರದು. ಆ ಮನೆಗಳಲ್ಲಿ ಬೀಜವನ್ನು ಆರಿಸಿದವರು, ಯಾವ ಕಾಯಿ ಮಳೆಗಾಲದ ಕೊನೆಯವರೆಗೆ ಅಟ್ಟದಲ್ಲಿ ಬಾಳಿತೆಂದು ನೆನಪಿಟ್ಟು ಅದರ ಬೀಜವನ್ನೇ ಮುಂದಿನ ವರ್ಷಕ್ಕೆ ಎತ್ತಿಟ್ಟವರು, ಹೆಚ್ಚಾಗಿ ಹೆಂಗಸರು. ಅವರ ಹೆಸರು ಯಾವ ಚರಿತ್ರೆಯಲ್ಲಿಯೂ ಇಲ್ಲ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, ಬೆಳೆದ ಬೀಜವನ್ನು ಉಳಿಸುವ, ಬಿತ್ತುವ, ಕೊಟ್ಟುಕೊಳ್ಳುವ ಹಕ್ಕನ್ನು ರೈತರಿಗೆ ಮಾನ್ಯ ಮಾಡಿದೆ. ಹಕ್ಕು ಇದೆ, ಬೀಜ ಇರಬೇಕಷ್ಟೆ.

ಆ ಎರಡು ಕಾಯಿಗಳಲ್ಲಿ ಒಂದನ್ನು ಅಂದು ಅಡುಗೆಗೆ ಕೊಡಲಿಲ್ಲ. ಅದರ ಬೀಜದಿಂದ ಬಂದ ಬಳ್ಳಿ ಪ್ರತಿವರ್ಷವೂ ನಮ್ಮ ಹಿತ್ತಿಲಲ್ಲಿ ಹಬ್ಬುತ್ತಿದೆ. ಅಂಗಡಿಯ ಬೀಜವನ್ನು ಈಗ ಹತ್ತಿರ ಸೇರಿಸುವುದಿಲ್ಲ. ಹೂವನ್ನು ಹಿಂದಿನ ಸಂಜೆ ಕಟ್ಟುತ್ತೇನೆ. ದಾರವಿರುವ ಕಾಯಿಯ ಬೀಜವನ್ನು ಮಾತ್ರ, ಅದರಿಂದ ಬೆಳೆದ ಮರುವರ್ಷದ ಕಾಯಿಯನ್ನು ನೋಡಿದ ಮೇಲೆಯೇ, ಕೇಳಿದವರಿಗೆ ಕೊಡುತ್ತೇನೆ. ಈವರೆಗೆ ಐದು ಮನೆಗಳಿಗೆ ಹೋಗಿದೆ. ಆ ಐವರಲ್ಲಿ ಇಬ್ಬರಾದರೂ ಬಿತ್ತುತ್ತಾರೆಂಬುದು ನನ್ನ ನಂಬಿಕೆ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಇಂಥ ಒಂದು ಬೀಜವನ್ನು ಭರಣಿಯ ಬೂದಿಯಲ್ಲಿ ಇಟ್ಟಿದ್ದರೆ, ಅದು ಎಷ್ಟು ವರ್ಷದ ಹಿಂದಿನದೆಂದು ಈ ವಾರವೇ ಕೇಳಿ ತಿಳಿದುಕೊಳ್ಳಿ.